ಬಟ್ಟೆ ಒಗೆಯುವ ಯಂತ್ರದಲ್ಲಿ ಉಷ್ಣತೆ ಅಳೆಯುವ ಸೆನ್ಸರ್: ದೋಷ ಪತ್ತೆ ಮಾಡುವ ಬಗೆ

(ಸಂಡೂರು ತಾಲ್ಲೂಕಿನ ಬಂಡ್ರಿಯಲ್ಲಿ ರೈತರು ಹಾಗೂ ವಿಸ್ತರಣಾ ಕಾರ್ಯಕರ್ತರನ್ನುದ್ದೇಶಿಸಿ ಮಾಡಿದ ಭಾಷಣ)



ಬೀಜ, ಗೊಬ್ಬರ, ಕೀಟಗಳ ಮಾತು ನಡೆಯುವ ಕಡೆ ಬಟ್ಟೆ ಒಗೆಯುವ ಯಂತ್ರದ ಮಾತೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಕಾರಣ ಹೊಲದಲ್ಲಿಯೇ ಇದೆ. ಫಾಲ್ ಸೈನಿಕ ಹುಳು 2018ರಲ್ಲಿ ಕರ್ನಾಟಕದಲ್ಲಿ ಮೊದಲ ಬಾರಿಗೆ ಕಾಣಿಸಿಕೊಂಡಿತು. ಅದಕ್ಕೆ ಮುಂಚೆ ಮೆಕ್ಕೆಜೋಳಕ್ಕೆ ಅಷ್ಟಾಗಿ ಔಷಧಿ ಹೊಡೆಯದಿದ್ದ ರೈತರೂ ಈಗ ಸಿಂಪರಣಾ ಯಂತ್ರವನ್ನು ಬೆನ್ನಿಗೇರಿಸಿ ಸುಳಿಯೊಳಗೆ ಔಷಧಿ ಬಿಡುತ್ತಾರೆ. ಬೆಳೆ ಸೊಂಟದೆತ್ತರಕ್ಕೆ ಬಂದಿದ್ದರೆ ಅಂಗಿ, ಪಂಚೆ ಎರಡೂ ತೊಯ್ಯುತ್ತವೆ. ಸಂಜೆ ಆ ಬಟ್ಟೆ ಮಕ್ಕಳ ಬಟ್ಟೆಯೊಡನೆ ಒಂದೇ ಬುಟ್ಟಿಗೆ ಬೀಳುತ್ತದೆ. ಸಿಂಪರಣೆಯ ಬಟ್ಟೆಯನ್ನು ಬೇರೆಯಾಗಿ, ಅಂದಿನದನ್ನು ಅಂದೇ, ಸುಮಾರು 60 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರಿನಲ್ಲಿ ಒಗೆಯಬೇಕು ಎಂಬುದು ತಜ್ಞರ ಶಿಫಾರಸು. ಎಣ್ಣೆಯಂಥ ದ್ರಾವಣದ ರೂಪದಲ್ಲಿ ಬರುವ ಔಷಧಿಗಳು ತಣ್ಣೀರಿಗೆ ನೂಲಿನಿಂದ ಸರಿಯಾಗಿ ಬಿಡುವುದಿಲ್ಲ. ಇನ್ನು ನೀರು ಬೆರೆಸದ ಔಷಧಿಯೇ ಚೆಲ್ಲಿ ನೆನೆದ ಬಟ್ಟೆಯನ್ನು ಒಗೆಯುವ ಗೋಜಿಗೇ ಹೋಗಬಾರದು, ಅದನ್ನು ಬಳಕೆಯಿಂದ ತೆಗೆದುಬಿಡಬೇಕು.

ಬಿಸಿನೀರಿನ ಈ ಕೆಲಸವನ್ನು ಈಗ ಹಲವು ಮನೆಗಳಲ್ಲಿ ಯಂತ್ರಕ್ಕೆ ಒಪ್ಪಿಸಲಾಗಿದೆ. ಯಂತ್ರದ ಫಲಕ 60 ಎಂದು ತೋರಿಸುತ್ತದೆ, ಮನೆಯವರು ನಂಬುತ್ತಾರೆ. ಒಳಗಿನ ನೀರು 42 ಡಿಗ್ರಿ ಮಾತ್ರ ಬಿಸಿಯಾಗಿದ್ದರೆ ಅದು ಯಾರಿಗೂ ತಿಳಿಯುವುದಿಲ್ಲ. ಆದುದರಿಂದ ನೀರಿನ ಬಿಸಿಯನ್ನು ಅಳೆಯುವ ಆ ಸಣ್ಣ ಸೆನ್ಸರು ಯಾವಾಗ ತಪ್ಪುತ್ತದೆ, ಯಾವಾಗ ತಪ್ಪದಿದ್ದರೂ ತಪ್ಪಿತಸ್ಥನೆನಿಸುತ್ತದೆ ಎಂಬುದನ್ನು ತಿಳಿದಿರುವುದು ಒಳ್ಳೆಯದು.

ಎಲ್ಲ ಯಂತ್ರಗಳಲ್ಲಿಯೂ ಈ ಸೆನ್ಸರ್ ಇರುವುದಿಲ್ಲ. ಎರಡು ತೊಟ್ಟಿಗಳ ಅರೆ ಸ್ವಯಂಚಾಲಿತ ಯಂತ್ರದಲ್ಲಿ ನೀರು ಕಾಯಿಸುವ ಹೀಟರೇ ಇಲ್ಲ. ಮೇಲಿನಿಂದ ಬಟ್ಟೆ ಹಾಕುವ ಯಂತ್ರಗಳಲ್ಲಿಯೂ ಹೆಚ್ಚಿನವಕ್ಕೆ ಹೀಟರ್ ಇರುವುದಿಲ್ಲ. ಮುಂಭಾಗದಲ್ಲಿ ಗಾಜಿನ ಬಾಗಿಲಿರುವ ಯಂತ್ರಗಳಲ್ಲಿ ಸಾಮಾನ್ಯವಾಗಿ ತೊಟ್ಟಿಯ ತಳದಲ್ಲಿ ಹೀಟರ್, ಅದರ ಪಕ್ಕದಲ್ಲಿಯೇ ರಬ್ಬರಿನ ಬಿರಡೆಯಲ್ಲಿ ಸಿಕ್ಕಿಸಿದ ಬೆರಳುದ್ದದ ಸೆನ್ಸರ್ ಇರುತ್ತವೆ. ಸೆನ್ಸರಿನಿಂದ ಎರಡು ತಂತಿಗಳು ಹೊರಟು ಯಂತ್ರದ ವಿದ್ಯುನ್ಮಾನ ಬೋರ್ಡನ್ನು ಸೇರುತ್ತವೆ. ಮುಂದಿನ ಮಾತೆಲ್ಲ ಈ ಬಗೆಯ ಯಂತ್ರಗಳಿಗೆ ಸಂಬಂಧಿಸಿದ್ದು.

ಸೆನ್ಸರಿನ ಒಳಗಿರುವುದು ಥರ್ಮಿಸ್ಟರ್ ಎಂಬ ಪುಟ್ಟ ಮಣಿ. ತಾಮ್ರದ ತಂತಿ ಬಿಸಿಯಾದರೆ ವಿದ್ಯುತ್ತಿಗೆ ಅದರ ರೋಧ ಹೆಚ್ಚುತ್ತದೆ. ಈ ಮಣಿಯದು ಅದಕ್ಕೆ ತಿರುವುಮುರುವಾದ ಸ್ವಭಾವ. ಬಿಸಿ ಏರಿದಂತೆ ರೋಧ ಇಳಿಯುತ್ತದೆ. ಇಂಥ ಸ್ವಭಾವವನ್ನು ಮೈಕೆಲ್ ಫ್ಯಾರಡೆ 1833ರಲ್ಲಿಯೇ ಬೆಳ್ಳಿಯ ಸಲ್ಫೈಡಿನಲ್ಲಿ ಗುರುತಿಸಿದ್ದನು. ಬೋರ್ಡು ಬಿಸಿಯನ್ನು ನೇರವಾಗಿ ಕಾಣುವುದಿಲ್ಲ. ಅದು ರೋಧವನ್ನಷ್ಟೇ ಅಳೆದು, ತನ್ನಲ್ಲಿರುವ ಪಟ್ಟಿಯೊಡನೆ ತಾಳೆ ನೋಡಿ, ನೀರು ಇಷ್ಟು ಡಿಗ್ರಿ ಇದೆ ಎಂದು ತೀರ್ಮಾನಿಸುತ್ತದೆ. ಈ ಒಂದು ಸಂಗತಿ ಮನಸ್ಸಿಗೆ ಬಂದರೆ ಮುಂದಿನ ಪತ್ತೇದಾರಿಕೆಯೆಲ್ಲ ಸುಲಭ.

ಬಳಕೆಯಲ್ಲಿರುವ ಒಂದು ಸಾಮಾನ್ಯ ಬಗೆಯ ಥರ್ಮಿಸ್ಟರನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಅದರ ರೋಧ 25 ಡಿಗ್ರಿಯಲ್ಲಿ 10 ಸಾವಿರ ಓಮ್, 30ರಲ್ಲಿ ಸುಮಾರು 8 ಸಾವಿರ, 40ರಲ್ಲಿ 5.3 ಸಾವಿರ, 60ರಲ್ಲಿ 2.5 ಸಾವಿರ, 90ರಲ್ಲಿ ಸಾವಿರಕ್ಕೂ ತುಸು ಕಡಿಮೆ. ಎಲ್ಲ ತಯಾರಕರೂ ಇದೇ ಬಗೆಯನ್ನು ಹಾಕುವುದಿಲ್ಲ. 25 ಡಿಗ್ರಿಯಲ್ಲಿ 5 ಸಾವಿರ ಓಮಿನದೂ ಉಂಟು, 50 ಸಾವಿರದ ಸಮೀಪದ್ದೂ ಉಂಟು. ಯಂತ್ರದ ಕೈಪಿಡಿಯಲ್ಲಿ ಅಂಕಿ ಸಿಗದಿದ್ದರೆ ಗಾಬರಿಯಾಗಬೇಕಿಲ್ಲ. 30 ಡಿಗ್ರಿಯಿಂದ 60 ಡಿಗ್ರಿಗೆ ಹೋಗುವಾಗ ರೋಧವು ಮೂರರಲ್ಲಿ ಒಂದು ಪಾಲಿಗೆ, ಅಥವಾ ಅದಕ್ಕೂ ತುಸು ಕೆಳಕ್ಕೆ ಇಳಿಯುವುದು ಈ ಜಾತಿಯ ಹೆಚ್ಚಿನ ಸೆನ್ಸರುಗಳ ಸಾಮಾನ್ಯ ಲಕ್ಷಣ.

ಇನ್ನು ದೋಷದ ಮಾತು. ತಂತಿ ಪೂರ್ತಿ ಕಡಿದುಹೋದರೆ ಬೋರ್ಡಿಗೆ ಅಳತೆ ಮೀರಿದ ರೋಧ ಕಾಣುತ್ತದೆ. ಎರಡು ತಂತಿ ಒಂದಕ್ಕೊಂದು ತಗುಲಿಕೊಂಡರೆ ರೋಧ ಸೊನ್ನೆಯಾಗುತ್ತದೆ. ಇಂಥ ಅಂಕಿಗಳನ್ನು ನಂಬಬಾರದೆಂದು ಬೋರ್ಡಿಗೆ ಮೊದಲೇ ಕಲಿಸಿರುತ್ತಾರೆ. ಅದು ಹೀಟರನ್ನು ಹಚ್ಚದೆ ದೋಷದ ಸಂಕೇತವನ್ನು ತೋರಿಸುತ್ತದೆ. ಎಲ್.ಜಿ. ಯಂತ್ರಗಳಲ್ಲಿ ಈ ಸಂಕೇತ ‘ಟಿಇ’, ಬೇರೆಯವರದರಲ್ಲಿ ಬೇರೆ ಬೇರೆ. ಸಂಕೇತ ಕಂಡೊಡನೆ ಸೆನ್ಸರ್ ಹೋಗಿದೆ ಎಂದು ಹೊಸದನ್ನು ತರಿಸುವುದು ವಾಡಿಕೆ. ಆದರೆ ಸಂಕೇತದ ಅರ್ಥ ಅಷ್ಟಲ್ಲ. ಸೆನ್ಸರ್, ಅದರ ತಂತಿ, ಸಿಕ್ಕಿಸುವ ಕನೆಕ್ಟರ್, ಬೋರ್ಡು, ಈ ನಾಲ್ಕರಲ್ಲಿ ಎಲ್ಲೋ ಒಂದು ಕಡೆ ಅಳತೆ ಕೆಟ್ಟಿದೆ ಎಂದಷ್ಟೇ ಅದರ ಅರ್ಥ. ಹಳ್ಳಿಮನೆಗಳಲ್ಲಿ ಕಾಳಿನ ಚೀಲಗಳ ಪಕ್ಕದಲ್ಲಿ ಯಂತ್ರವಿರುವುದರಿಂದ ಇಲಿಗಳು ತಳದಿಂದ ನುಗ್ಗಿ ತಂತಿ ಕಡಿಯುವುದು ಬಹಳ. ಅಂಥಲ್ಲಿ ಎಷ್ಟು ಹೊಸ ಸೆನ್ಸರ್ ಹಾಕಿದರೂ ಸಂಕೇತ ಹೋಗುವುದಿಲ್ಲ.

ಸಂಕೇತ ತೋರಿಸುವ ದೋಷ ಒಂದು ರೀತಿಯಲ್ಲಿ ಒಳ್ಳೆಯ ದೋಷ. ಯಂತ್ರ ನಿಂತುಬಿಡುತ್ತದೆ, ಬಟ್ಟೆ ಒಗೆದಾಗಿದೆ ಎಂಬ ಭ್ರಮೆ ಉಂಟಾಗುವುದಿಲ್ಲ. ಎಚ್ಚರ ಬೇಕಾದುದು ಸಂಕೇತ ತೋರಿಸದೆ ಅಳತೆಯನ್ನು ವಾಲಿಸುವ ದೋಷದಲ್ಲಿ. ಇದು ಎರಡು ದಿಕ್ಕಿಗೆ ವಾಲುತ್ತದೆ.

ಮೊದಲನೆಯದು ತುಕ್ಕು. ಕನೆಕ್ಟರಿನ ಲೋಹಕ್ಕೆ ತುಕ್ಕು ಹಿಡಿದರೆ ಸೆನ್ಸರಿನ ರೋಧಕ್ಕೆ ತುಕ್ಕಿನ ರೋಧವೂ ಕೂಡಿಕೊಳ್ಳುತ್ತದೆ. ಮೇಲೆ ಹೇಳಿದ ಸೆನ್ಸರಿಗೆ ತುಕ್ಕಿನಿಂದ 2.5 ಸಾವಿರ ಓಮ್ ಸೇರಿದೆ ಎಂದು ಭಾವಿಸಿರಿ. ರೋಧ ಹೆಚ್ಚು ಕಂಡದ್ದರಿಂದ ಬೋರ್ಡು ನೀರು ಇನ್ನೂ ತಂಪಾಗಿದೆ ಎಂದುಕೊಂಡು ಕಾಯಿಸುತ್ತಲೇ ಇರುತ್ತದೆ. 40 ಡಿಗ್ರಿಗೆ ಇಟ್ಟ ನೀರು ಸುಮಾರು 57 ಡಿಗ್ರಿ ಮುಟ್ಟುತ್ತದೆ. ಇಳಕಲ್ ಸೀರೆಯ ಬಣ್ಣ ಬಿಡುವುದು, ಉಣ್ಣೆಯ ಬಟ್ಟೆ ಕುಗ್ಗುವುದು ಆಗ. 60 ಡಿಗ್ರಿಗೆ ಇಟ್ಟರಂತೂ ಬೋರ್ಡಿಗೆ ಬೇಕಾದ ಅಂಕಿ ಎಂದಿಗೂ ಸಿಗುವುದಿಲ್ಲ. ಕಾಲಮಿತಿ ಅಥವಾ ಹೀಟರಿನ ರಕ್ಷಣಾ ಫ್ಯೂಸು ತಡೆಯುವವರೆಗೆ ಕಾಯುತ್ತಲೇ ಇರುತ್ತದೆ.

ಎರಡನೆಯದು ತೇವ. ಸಂಡೂರಿನ ಗಣಿ ಸೀಮೆಯ ಕೆಂಧೂಳು ಯಂತ್ರದ ಬೆನ್ನಿನ ಕಿಂಡಿಗಳಿಂದ ಒಳಹೋಗಿ ಕನೆಕ್ಟರಿನ ಮೇಲೆ ಕೂರುತ್ತದೆ. ತೊಟ್ಟಿಯ ರಬ್ಬರಿನಿಂದ ಸೋಪಿನ ನೀರು ಜಿನುಗಿ ಆ ಧೂಳಿಗೆ ಸೇರಿದರೆ ಕೆಸರಿನ ಪದರವೊಂದು ಎರಡು ತಂತಿಗಳ ನಡುವೆ ಅಡ್ಡದಾರಿಯಾಗುತ್ತದೆ. ಬಟ್ಟೆಪುಡಿಯ ಲವಣಗಳು ಕರಗಿದ ನೀರು ವಿದ್ಯುತ್ತನ್ನು ಚೆನ್ನಾಗಿ ಹಾಯಿಸುತ್ತದೆ. ಕಾಲುವೆಯ ಏರಿ ಒಡೆದು ನೀರು ಪಕ್ಕಕ್ಕೆ ಹರಿದಂತೆ ಪ್ರವಾಹದ ಒಂದು ಪಾಲು ಸೆನ್ಸರನ್ನು ಬಿಟ್ಟು ಹೋಗುತ್ತದೆ. ಒಟ್ಟು ರೋಧ ಕಡಿಮೆಯಾಗಿ ಕಾಣುತ್ತದೆ, ನೀರು ಕಾದಿದೆ ಎಂದು ಬೋರ್ಡು ತಿಳಿಯುತ್ತದೆ. ಆ ಅಡ್ಡದಾರಿಯ ರೋಧ 5 ಸಾವಿರ ಓಮ್ ಇದ್ದರೆ, 60ಕ್ಕೆ ಇಟ್ಟ ಹೀಟರ್ ಸುಮಾರು 42 ಡಿಗ್ರಿಗೇ ಆರಿಹೋಗುತ್ತದೆ. ಸಿಂಪರಣೆಯ ಬಟ್ಟೆಯ ವಿಷಯದಲ್ಲಿ ಕೇಡು ಮಾಡುವುದು ಇದೇ. ಯಂತ್ರ ಯಾವ ದೂರನ್ನೂ ಹೇಳುವುದಿಲ್ಲ, ಕಾರ್ಯಕ್ರಮ ಮುಗಿಯುತ್ತದೆ, ಬಟ್ಟೆ ಕಣ್ಣಿಗೆ ಸ್ವಚ್ಛವಾಗಿಯೇ ಇರುತ್ತದೆ. ತುಕ್ಕು ‘ತಂಪು’ ಎನ್ನುತ್ತದೆ, ತೇವ ‘ಬಿಸಿ’ ಎನ್ನುತ್ತದೆ ಎಂದು ನೆನಪಿಟ್ಟರೆ ಸಾಕು.

ಸೆನ್ಸರ್ ಸರಿಯಾಗಿದ್ದೂ ಅಪವಾದ ಹೊರುವ ಸಂದರ್ಭಗಳು ನಮ್ಮ ಸೀಮೆಯಲ್ಲಿ ಹೆಚ್ಚು. ಅದಕ್ಕೆ ಮುಖ್ಯ ಕಾರಣ ಬಿಸಿಲು. ಪುಸ್ತಕದಲ್ಲಿ 10 ಸಾವಿರ ಓಮ್ ಎಂದು ಬರೆದಿರುವುದು 25 ಡಿಗ್ರಿಗೆ. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಬಂಡ್ರಿಯ ಒಂದು ಮನೆಯ ಒಳಗೆ 38 ಡಿಗ್ರಿ ಇದ್ದರೆ, ಆರೋಗ್ಯವಾಗಿರುವ ಅದೇ ಸೆನ್ಸರ್ ಸುಮಾರು 5.7 ಸಾವಿರ ಓಮನ್ನು ತೋರಿಸುತ್ತದೆ. ಮೀಟರು ಹಿಡಿದವರು 10 ಇರಬೇಕಾದಲ್ಲಿ ಅರ್ಧವೇ ಇದೆ, ಇದು ಸತ್ತಿದೆ ಎಂದು ತೀರ್ಪು ಕೊಟ್ಟುಬಿಡುತ್ತಾರೆ. ಹೊಸದನ್ನು ಹೊಸಪೇಟೆಯಿಂದಲೋ ಬಳ್ಳಾರಿಯಿಂದಲೋ ತಂದು ಹಾಕಿದರೆ ಅದೂ 5.7ನ್ನೇ ತೋರಿಸುತ್ತದೆ! ಪಕ್ಕದಲ್ಲಿ ಥರ್ಮಾಮೀಟರ್ ಇಲ್ಲದೆ ಸೆನ್ಸರಿನ ರೋಧವನ್ನು ಅಳೆಯುವುದು ಮಣ್ಣಿನ ತೇವ ನೋಡದೆ ನೀರು ಹಾಯಿಸಿದಂತೆ.

ಬಿಸಿಲಿನದೇ ಇನ್ನೊಂದು ಆಟ. ಮಾಳಿಗೆಯ ಮೇಲಿನ ಕಪ್ಪು ಟ್ಯಾಂಕಿನ ನೀರು, ಅದರಲ್ಲೂ ಬಿಸಿಲಿಗೆ ಬಿದ್ದ ಪೈಪಿನ ನೀರು, ಬೇಸಿಗೆಯ ಮಧ್ಯಾಹ್ನ ತಾನಾಗಿಯೇ 40 ಡಿಗ್ರಿಯ ಆಸುಪಾಸಿಗೆ ಬಂದಿರುತ್ತದೆ. ಆಗ 40ರ ಕಾರ್ಯಕ್ರಮ ಹಾಕಿದರೆ ಹೀಟರ್ ಹತ್ತುವುದೇ ಇಲ್ಲ. ಹತ್ತಬೇಕಾಗಿಯೂ ಇಲ್ಲ. ಅದು ದೋಷವಲ್ಲ.

ಮತ್ತೊಂದು ಕಾರಣ ವೋಲ್ಟೇಜ್. ಈ ಯಂತ್ರಗಳ ಹೀಟರ್ ಸಾಮಾನ್ಯವಾಗಿ 2000 ವಾಟ್ ಆಸುಪಾಸಿನದು. 230 ವೋಲ್ಟ್ ಸಿಕ್ಕರೆ 10 ಲೀಟರ್ ನೀರನ್ನು 30ರಿಂದ 60 ಡಿಗ್ರಿಗೆ ಏರಿಸಲು ಲೆಕ್ಕದ ಪ್ರಕಾರ ಹತ್ತೂವರೆ ನಿಮಿಷ ಬೇಕು. ಬಟ್ಟೆ, ಉಕ್ಕಿನ ತೊಟ್ಟಿ ಕಾಯುವ ಸಮಯ ಬೇರೆ. ವೋಲ್ಟೇಜು 180ಕ್ಕೆ ಇಳಿದರೆ ಹೀಟರಿನ ಶಕ್ತಿ ಅದೇ ಪ್ರಮಾಣದಲ್ಲಿ ಅಲ್ಲ, ಅದಕ್ಕಿಂತ ಹೆಚ್ಚಾಗಿ ಇಳಿಯುತ್ತದೆ. 2000 ವಾಟ್ ಇದ್ದದ್ದು ಸುಮಾರು 1225 ವಾಟ್ ಆಗುತ್ತದೆ. ಹತ್ತೂವರೆ ನಿಮಿಷದ ಕೆಲಸ ಹದಿನೇಳು ನಿಮಿಷ ಹಿಡಿಯುತ್ತದೆ. ಇಷ್ಟು ಹೊತ್ತಿನಲ್ಲಿ ಇಷ್ಟು ಡಿಗ್ರಿ ಏರಲಿಲ್ಲವಲ್ಲ ಎಂದು ಕೆಲವು ಯಂತ್ರಗಳು ಕಾಯಿಸುವ ದೋಷದ ಸಂಕೇತ ಕೊಡುತ್ತವೆ, ದೂರು ಮಾತ್ರ ಸೆನ್ಸರಿನ ತಲೆಗೆ ಬರುತ್ತದೆ. ಒಂದೇ ಲೈನಿನಲ್ಲಿ ಪಂಪ್‌ಸೆಟ್ಟುಗಳು ಓಡುವ ಹೊತ್ತಿನಲ್ಲಿ ಮಾತ್ರ ದೋಷ ಬಂದು, ರಾತ್ರಿ ತಡವಾಗಿ ಹಾಕಿದರೆ ಸರಿಯಾಗಿ ನಡೆಯುತ್ತಿದ್ದರೆ ಬೇರೆ ಪರೀಕ್ಷೆಯೇ ಬೇಕಿಲ್ಲ.

ಕೊಳವೆಬಾವಿಯ ಗಡಸು ನೀರಿನ ವಿಷಯ ಎಲ್ಲರಿಗೂ ಗೊತ್ತಿರುವುದೇ. ಕಾದಾಗ ಕರಗಿದ ಸುಣ್ಣ ಬೇರ್ಪಟ್ಟು ಹೀಟರಿನ ಮೇಲೂ ಸೆನ್ಸರಿನ ಮೇಲೂ ಬಿಳಿ ಹೆಕ್ಕಳೆಯಾಗಿ ಕೂರುತ್ತದೆ. ಸುಣ್ಣ ಹೊದ್ದ ಸೆನ್ಸರು ಸುಳ್ಳು ಹೇಳುವುದಿಲ್ಲ, ತಡವಾಗಿ ಹೇಳುತ್ತದೆ. ಚಾಕುವಿನಿಂದ ಕೆರೆಯಬಾರದು, ನಿಂಬೆಉಪ್ಪಿನ ನೀರಿನಲ್ಲಿ ನೆನೆಸಿದರೆ ಬಿಡುತ್ತದೆ. ತೊಟ್ಟಿಗೂ ಬಟ್ಟೆ ಹಾಕದೆ ಸುಮಾರು 100 ಗ್ರಾಂ ನಿಂಬೆಉಪ್ಪು ಹಾಕಿ ಬಿಸಿನೀರಿನ ಒಂದು ಸುತ್ತು ಓಡಿಸಬಹುದು. ತಯಾರಕರ ಕೈಪಿಡಿ ಬೇಡವೆಂದಿದ್ದರೆ ಮಾತ್ರ ಮಾಡಬಾರದು. ಬ್ಲೀಚಿಂಗ್ ಪುಡಿಯೊಡನೆ ಇದನ್ನು ಎಂದಿಗೂ ಬೆರೆಸಕೂಡದು, ವಿಷಗಾಳಿ ಏಳುತ್ತದೆ.

ಪರೀಕ್ಷೆಗೆ ಕೈಹಾಕುವ ಮುಂಚೆ ಪ್ಲಗ್ಗನ್ನು ಕಿತ್ತು ಕಣ್ಣಿಗೆ ಕಾಣುವಂತೆ ಯಂತ್ರದ ಮೇಲಿಡಬೇಕು. ಸ್ವಿಚ್ಚು ಆರಿಸಿದರೆ ಸಾಲದು. ಕಿತ್ತ ಮೇಲೂ ಹತ್ತು ನಿಮಿಷ ಬಿಡಬೇಕು, ಬೋರ್ಡಿನಲ್ಲಿ ವಿದ್ಯುತ್ತು ಸ್ವಲ್ಪ ಹೊತ್ತು ಉಳಿದಿರುತ್ತದೆ. ಮುಂಭಾಗದ ಕೆಳಗಿನ ಜಾಲರಿಯ ಬಳಿಯಿಂದ ತೊಟ್ಟಿಯ ನೀರನ್ನು ಪೂರ್ತಿ ಇಳಿಸಬೇಕು. ಯಂತ್ರವನ್ನು ಮುಟ್ಟಿದಾಗ ಎಂದಾದರೂ ಜುಮ್ಮೆಂದಿದ್ದರೆ ಸೆನ್ಸರಿನ ಗೊಡವೆ ಬಿಟ್ಟು ಮೊದಲು ಅರ್ಥಿಂಗನ್ನೂ ಹೀಟರನ್ನೂ ಪರೀಕ್ಷಿಸಬೇಕು. ಬೇಸಿಗೆಯಲ್ಲಿ ನೆಲ ಒಣಗಿದಾಗ ಅರ್ಥಿಂಗ್ ಗುಂಡಿಯ ಮಣ್ಣೂ ಒಣಗುತ್ತದೆ, ಒಣಮಣ್ಣು ವಿದ್ಯುತ್ತನ್ನು ಸರಿಯಾಗಿ ಎಳೆದುಕೊಳ್ಳುವುದಿಲ್ಲ. ಕೈತೋಟಕ್ಕೆ ನೀರು ಹಾಕುವಾಗ ಆ ಗುಂಡಿಗೂ ಒಂದು ಕೊಡ ಹಾಕುವುದು ಲೇಸು. ಮನೆಯ ಲೈನಿಗೆ 30 ಮಿಲಿಆಂಪಿನ ಸೋರಿಕೆ ರಕ್ಷಕ ಸ್ವಿಚ್ಚು ಇದ್ದರೆ ಇನ್ನೂ ಒಳ್ಳೆಯದು.

ಬೇಕಾಗುವ ಸಲಕರಣೆ ಒಂದು ಮಲ್ಟಿಮೀಟರ್, ಹಾಲು ಕಾಯಿಸುವಾಗ ಬಳಸುವಂಥ 100 ಡಿಗ್ರಿವರೆಗಿನ ಒಂದು ಥರ್ಮಾಮೀಟರ್. ಜ್ವರ ನೋಡುವ ಥರ್ಮಾಮೀಟರ್ ಇದಕ್ಕೆ ಬಾರದು, ಬಿಸಿನೀರಿಗಿಟ್ಟರೆ ಒಡೆದುಹೋಗುತ್ತದೆ.

ಬೆನ್ನಿನ ತಗಡನ್ನು (ಕೆಲವು ಯಂತ್ರಗಳಲ್ಲಿ ಮುಂಭಾಗದ ತಗಡನ್ನು) ತೆಗೆದು ಮೊದಲು ಕಣ್ಣಿನಿಂದಲೇ ನೋಡಬೇಕು. ಇಲಿ ಕಡಿದ ಗುರುತು, ಹಸಿರು ತುಕ್ಕು, ಕೆಸರು, ಸಡಿಲವಾದ ಕನೆಕ್ಟರ್ ಇಷ್ಟರಲ್ಲೇ ಎಷ್ಟೋ ಪ್ರಕರಣಗಳು ಬಗೆಹರಿಯುತ್ತವೆ. ಅನಂತರ ಸೆನ್ಸರಿನ ಕನೆಕ್ಟರನ್ನು ಬಿಡಿಸಿ ಅದರ ಎರಡು ಕಡ್ಡಿಗಳ ನಡುವಿನ ರೋಧವನ್ನು ಅಳೆದು, ಪಕ್ಕದಲ್ಲಿಟ್ಟ ಥರ್ಮಾಮೀಟರಿನ ಅಂಕಿಯೊಡನೆ ಬರೆದುಕೊಳ್ಳಬೇಕು. ಇದಾದ ಮೇಲೆ ಸೆನ್ಸರನ್ನು ಹೊರತೆಗೆದು, ಅದರ ಲೋಹದ ತುದಿಯನ್ನು ಮಾತ್ರ ಥರ್ಮಾಮೀಟರಿನ ಜೊತೆಗೆ ಒಂದು ಲೋಟ ಬಿಸಿನೀರಿನಲ್ಲಿ ಇಳಿಬಿಡಬೇಕು. ಕಡ್ಡಿಗಳು ನೆನೆಯಬಾರದು. ನೀರು ಆರುತ್ತಾ ಬಂದಂತೆ 60, 50, 40 ಡಿಗ್ರಿಗಳಲ್ಲಿ ರೋಧವನ್ನು ಬರೆಯುತ್ತಾ ಹೋಗಬೇಕು. ಅಂಕಿ ನಿಧಾನವಾಗಿ, ಎಲ್ಲಿಯೂ ನೆಗೆಯದೆ ಏರಬೇಕು. ಮಧ್ಯದಲ್ಲಿ ಫಕ್ಕನೆ ಹಾರಿದರೆ ಅಥವಾ ತಂತಿಯನ್ನು ಅಲುಗಾಡಿಸಿದಾಗ ಬದಲಾದರೆ ಒಳಗೆ ಬಿರುಕಿದೆ. ಅಂಥ ಸೆನ್ಸರನ್ನು ಬದಲಿಸಲೇಬೇಕು. ಲೋಟದಲ್ಲಿ ಕುಟ್ಟಿದ ಮಂಜುಗಡ್ಡೆ ಮತ್ತು ನೀರು ತುಂಬಿದರೆ ಸೊನ್ನೆ ಡಿಗ್ರಿಯೂ ಸಿಗುತ್ತದೆ. ನಮ್ಮ ಉದಾಹರಣೆಯ ಸೆನ್ಸರ್ ಅಲ್ಲಿ ಸುಮಾರು 33 ಸಾವಿರ ಓಮ್ ತೋರಿಸಬೇಕು. ಥರ್ಮಾಮೀಟರಿನ ಮೇಲೆಯೇ ಅನುಮಾನವಿದ್ದರೆ ಮೊದಲು ಅದನ್ನೂ ಇದೇ ಮಂಜಿನ ನೀರಿನಲ್ಲಿ ನೋಡಿಕೊಳ್ಳಬಹುದು.

ಮುಖ್ಯವಾದ ಅಳತೆ ಮುಂದಿನದು. ಇದನ್ನು ಬಿಡುವವರೇ ಹೆಚ್ಚು. ಸೆನ್ಸರನ್ನು ಒರೆಸಿ, ಮತ್ತೆ ಸಿಕ್ಕಿಸಿ, ಈಗ ತಂತಿಯ ಇನ್ನೊಂದು ತುದಿಯನ್ನು ಬೋರ್ಡಿನಿಂದ ಬಿಡಿಸಿ ಅಲ್ಲಿ ರೋಧವನ್ನು ಅಳೆಯಬೇಕು. ಸೆನ್ಸರಿನ ಬಳಿ ಬಂದ ಅಂಕಿಯೇ ಇಲ್ಲಿಯೂ ಬಂದರೆ ದಾರಿ ಸರಿಯಿದೆ. ಇಲ್ಲಿ ಹೆಚ್ಚಾಗಿ ಬಂದರೆ ನಡುವೆ ತುಕ್ಕಿದೆ, ಕಡಿಮೆ ಬಂದರೆ ತೇವದ ಅಡ್ಡದಾರಿಯಿದೆ, ಏನೂ ಬಾರದಿದ್ದರೆ ತಂತಿ ಕಡಿದಿದೆ. ತುಕ್ಕನ್ನು ಕನೆಕ್ಟರ್ ಸ್ವಚ್ಛಮಾಡುವ ದ್ರಾವಣದಿಂದ ತೆಗೆಯಬೇಕು, ಕೆಸರನ್ನು ಶುದ್ಧ ನೀರಿನ ಒದ್ದೆ ಬಟ್ಟೆಯಿಂದ ಒರೆಸಿ ಪೂರ್ತಿ ಒಣಗಿಸಬೇಕು. ನೀರು ಜಿನುಗಿದ ಜಾಗವನ್ನು ಹುಡುಕಿ ಮುಚ್ಚದಿದ್ದರೆ ತಿಂಗಳೊಪ್ಪತ್ತಿನಲ್ಲಿ ಮತ್ತೆ ಅದೇ ಕಥೆ. ತೆರೆದದ್ದೇ ಆದರೆ ಹೀಟರಿನ ರೋಧವನ್ನೂ ಅದರ ತಂತಿಗಳನ್ನು ಬಿಡಿಸಿ ಅಳೆದುಬಿಡಬೇಕು. 2000 ವಾಟಿನದಕ್ಕೆ ಸುಮಾರು 26 ಓಮ್ ಬರಬೇಕು, ಹೀಟರಿನ ಕಡ್ಡಿಗೂ ಯಂತ್ರದ ಮೈಗೂ ನಡುವೆ ಸಂಪರ್ಕವೇ ಇರಬಾರದು. ಇಷ್ಟೆಲ್ಲ ಸರಿಯಿದ್ದೂ ಸಂಕೇತ ಉಳಿದರೆ ದೋಷ ಬೋರ್ಡಿನದು. ಅಲ್ಲಿಗೆ ಕೈಹಾಕದೆ ತಿಳಿದ ಮೆಕ್ಯಾನಿಕರನ್ನು ಕರೆಯಬೇಕು, ಬರೆದಿಟ್ಟ ಅಂಕಿಗಳನ್ನು ಅವರಿಗೆ ತೋರಿಸಬೇಕು. ಅಂಕಿ ಕಂಡರೆ ಸುಮ್ಮನೆ ಸೆನ್ಸರ್ ಬದಲಿಸುವ ಮಾತು ಬರುವುದಿಲ್ಲ.

ತಗಡು ಮುಚ್ಚಿದ ಮೇಲೆ ಕೊನೆಯ ಪರೀಕ್ಷೆ ನೀರಿನಲ್ಲಿಯೇ ಆಗಬೇಕು. ಹತ್ತಿಬಟ್ಟೆಯ 60 ಡಿಗ್ರಿಯ ಕಾರ್ಯಕ್ರಮವನ್ನು ಬಟ್ಟೆ ಹಾಕದೆ ಓಡಿಸಿ, ಮೊದಲ ಸಲ ನೀರು ಹೊರಬರುವಾಗ ಬಕೆಟ್ಟಿನಲ್ಲಿ ಹಿಡಿದು ಥರ್ಮಾಮೀಟರ್ ಇಳಿಬಿಡಬೇಕು. ಪೈಪಿನಲ್ಲಿ, ಬಕೆಟ್ಟಿನಲ್ಲಿ ಕೆಲವು ಡಿಗ್ರಿ ಆರುವುದು ಸಹಜ. ವಿದ್ಯುತ್ ಉಳಿತಾಯದ ಕಾರ್ಯಕ್ರಮಗಳಲ್ಲಿ ತೋರಿಸಿದಷ್ಟು ಬಿಸಿ ಮಾಡದಿರುವುದುಂಟು, ಆದುದರಿಂದ ಅವುಗಳನ್ನು ಈ ಪರೀಕ್ಷೆಗೆ ಬಳಸಬಾರದು. ಸಿಂಪರಣೆಯ ಬಟ್ಟೆಗೂ ಅವು ತಕ್ಕವಲ್ಲ. ಅಂಥ ಬಟ್ಟೆ ಒಗೆದ ಮೇಲೆ ಯಂತ್ರವನ್ನು ಬರಿದಾಗಿ ಬಟ್ಟೆಪುಡಿ ಹಾಕಿ ಬಿಸಿನೀರಿನಲ್ಲಿ ಇನ್ನೊಂದು ಸುತ್ತು ಓಡಿಸಬೇಕು, ಆ ನೀರು ದನಗಳು ಕುಡಿಯುವ ತೊಟ್ಟಿಯ ಕಡೆಗೆ ಹರಿಯದಂತೆ ನೋಡಿಕೊಳ್ಳಬೇಕು.

ವಿಸ್ತರಣಾ ಕಾರ್ಯಕರ್ತರಿಗೆ ಒಂದು ಮಾತು. ಹಾಲನ್ನು 4 ಡಿಗ್ರಿಯಲ್ಲಿಡುವ ಶೀತಲೀಕರಣ ತೊಟ್ಟಿ, ಕೋಳಿಮೊಟ್ಟೆಗೆ 37.5 ಡಿಗ್ರಿಯ ಕಾವು ಕೊಡುವ ಪೆಟ್ಟಿಗೆ, ಇವುಗಳಲ್ಲಿ ಹಲವು ಇದೇ ಜಾತಿಯ ಮಣಿಯನ್ನು ನಂಬಿರುತ್ತವೆ. ಪರೀಕ್ಷೆಯ ಕ್ರಮವೂ ಇದೇ: ಸೆನ್ಸರಿನ ಬಳಿ ಒಂದು ಅಳತೆ, ಬೋರ್ಡಿನ ಬಳಿ ಒಂದು ಅಳತೆ, ಪಕ್ಕದಲ್ಲಿ ಥರ್ಮಾಮೀಟರ್. ಕಾವುಪೆಟ್ಟಿಗೆಯಲ್ಲಿ ಒಂದೆರಡು ಡಿಗ್ರಿ ವಾಲಿದರೂ ಮರಿಗಳು ಸರಿಯಾಗಿ ಹೊರಬರುವುದಿಲ್ಲವಾದ್ದರಿಂದ, ಅಲ್ಲಿ ಮೊಟ್ಟೆ ಇಡುವ ಮೊದಲೇ ಇದನ್ನು ಮುಗಿಸಬೇಕು. ಅಳೆದ ದಿನ, ಡಿಗ್ರಿ, ಓಮ್ ಈ ಮೂರನ್ನೂ ಒಂದು ಚೀಟಿಯಲ್ಲಿ ಬರೆದು ಯಂತ್ರದ ಬೆನ್ನಿನ ತಗಡಿನ ಒಳಮೈಗೆ ಅಂಟಿಸಿಟ್ಟರೆ ಮುಂದಿನ ಸಲ ತೆರೆದವರಿಗೆ ಅನುಕೂಲವಾಗುತ್ತದೆ.